ಸಹಿ ಬೀಳುವ ಮೊದಲೇ ಕರಾರು ಕೇಳೋಣ

ಟೋಲ್ ಕಟ್ಟುವ ನಮಗೆ ಆ ರಸ್ತೆಯ ಕರಾರಿನಲ್ಲಿ ಏನು ಬರೆದಿದೆ ಎಂದು ಕೇಳುವ ರೂಢಿಯೇ ಇಲ್ಲ. ದರ ಏರಿದ ದಿನ ಗೊಣಗುತ್ತೇವೆ, ಮರುದಿನ ಕಟ್ಟುತ್ತೇವೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಖಾಸಗಿ ಸಹಭಾಗಿತ್ವದಲ್ಲಿ ಸುರಂಗ ರಸ್ತೆ ಕೊರೆಯುವ ಮಾತು ನಡೆದಿರುವಾಗ ಇನ್ನಾದರೂ ಕೇಳೋಣ ಎಂಬುದು ನನ್ನ ಪ್ರಾರ್ಥನೆ.

ದೆಹಲಿ–ನೋಯ್ಡಾ ನಡುವಿನ ಡಿಎನ್‌ಡಿ ರಸ್ತೆಯ ಕಥೆ ನಮ್ಮ ಕಣ್ಣ ಮುಂದಿದೆ. ಅದು ತೆರೆದದ್ದು 2001ರಲ್ಲಿ. ಕಂಪನಿಗೆ ಯೋಜನಾ ವೆಚ್ಚದ ಮೇಲೆ ವರ್ಷಕ್ಕೆ ಶೇ 20ರಷ್ಟು ಆದಾಯ ಸಿಗಬೇಕು, ಕಡಿಮೆ ಬಿದ್ದದ್ದನ್ನು ವೆಚ್ಚಕ್ಕೇ ಸೇರಿಸಿಕೊಳ್ಳಬಹುದು ಎಂದು ಕರಾರಿನಲ್ಲಿತ್ತು. ಜನ ವರ್ಷಗಟ್ಟಲೆ ಟೋಲ್ ಕಟ್ಟಿದರೂ ಲೆಕ್ಕದಲ್ಲಿ ಬಾಕಿ ಬೆಳೆಯುತ್ತಲೇ ಹೋಯಿತು. ನಿವಾಸಿಗಳ ಸಂಘಗಳ ಒಕ್ಕೂಟ ನ್ಯಾಯಾಲಯದ ಮೆಟ್ಟಿಲೇರಿತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2024ರ ಡಿಸೆಂಬರ್‌ನಲ್ಲಿ. ಕಾಗದದ ಮೇಲಿನ ಒಂದು ಸೂತ್ರವನ್ನು ಅಳಿಸಲು ಇಷ್ಟು ವರ್ಷ ಬೇಕಾಯಿತು.

ಚಿಲಿ ದೇಶ ಬೇರೆ ದಾರಿ ಹಿಡಿಯಿತು. ಸ್ಯಾಂಟಿಯಾಗೊ–ವಾಲ್ಪರೈಸೊ ಹೆದ್ದಾರಿಗೆ 1998ರಲ್ಲಿ ಹರಾಜು ಕರೆದಾಗ ಕಂಪನಿಗಳ ಮುಂದಿಟ್ಟ ಪ್ರಶ್ನೆ ಒಂದೇ: ಒಟ್ಟು ಎಷ್ಟು ಆದಾಯ ಬಂದರೆ ನಿಮಗೆ ಸಾಕು? ಇಂದಿನ ಬೆಲೆಯ ಲೆಕ್ಕದಲ್ಲಿ ಕಡಿಮೆ ಕೇಳಿದವರಿಗೆ ಗುತ್ತಿಗೆ. ಅಷ್ಟು ಹಣ ಬಂದ ದಿನ ಗುತ್ತಿಗೆ ಮುಗಿಯುತ್ತದೆ. ವಾಹನ ಹೆಚ್ಚಿದರೆ ಅವಧಿ ಮೊಟಕಾಗುತ್ತದೆ, ಕಡಿಮೆಯಾದರೆ ಉದ್ದವಾಗುತ್ತದೆ. ಕಂಪನಿ ದಿವಾಳಿಯಾಗುವ ಭಯ ತಗ್ಗುತ್ತದೆ, ಜನ ಕೊನೆಯಿಲ್ಲದೆ ಕಟ್ಟುವುದೂ ತಪ್ಪುತ್ತದೆ. ನಮ್ಮ ಟೋಲ್ ರಸ್ತೆಗಳಿಗೆ ಇದಕ್ಕಿಂತ ನ್ಯಾಯವಾದ ಲೆಕ್ಕ ನನಗೆ ಕಾಣುತ್ತಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇಂಥ ಒಪ್ಪಂದಗಳನ್ನು ಅಂತರ್ಜಾಲದಲ್ಲೇ ಪ್ರಕಟಿಸುತ್ತದೆ. ನಮ್ಮಲ್ಲಿ ಕೇಳಿದರೆ ‘ವಾಣಿಜ್ಯ ಗೋಪ್ಯತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮನ್ನು ಪೂರ್ತಿ ಓದಿ: ವಿಶಾಲ ಸಾರ್ವಜನಿಕ ಹಿತವಿದ್ದರೆ ಅಂಥ ಮಾಹಿತಿಯನ್ನೂ ಕೊಡಬಹುದು ಎಂದು ಅಲ್ಲೇ ಇದೆ. ಮಕ್ಕಳು ದೊಡ್ಡವರಾದ ಮೇಲೂ ಕಟ್ಟಬೇಕಾದ ಹಣದ ವಿಚಾರ ಸಾರ್ವಜನಿಕ ಹಿತವಲ್ಲದೆ ಮತ್ತೇನು?

ಖಾಸಗಿ ಬಂಡವಾಳ ಬೇಡವೆಂದು ನಾನು ಹೇಳುತ್ತಿಲ್ಲ. ಕರಡು ಕರಾರು ಕನ್ನಡದಲ್ಲಿ, ಸಹಿಗೆ ಮುನ್ನ ಜನರ ಕೈಗೆ ಬರಲಿ. ನಿಮ್ಮ ಶಾಸಕರಿಗೆ ಇಷ್ಟನ್ನೇ ಬರೆಯಿರಿ, ನಿಮ್ಮ ಬಡಾವಣೆಯ ಸಂಘದಿಂದಲೂ ಬರೆಸಿ. ದಯವಿಟ್ಟು ಈ ವಾರವೇ ಬರೆಯಿರಿ.