ಮಣ್ಣಿನ ಗೋಡೆಗೆ ಪುಟ್ಟಿ ಬೇಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮನೆಗಳಿಗೆ ಬಣ್ಣ ಬಳಿದೇ ಸಂಸಾರ ಸಾಗಿಸಿದವನು ನಾನು. ಕೊಟ್ಟೂರು ತೇರು, ಯುಗಾದಿ, ದೀಪಾವಳಿ ಹತ್ತಿರ ಬಂದರೆ ಕೈತುಂಬಾ ಕೆಲಸ. ಹಳೆಯ ಮಾಳಿಗೆ ಮನೆಯವರು ಕರೆದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಗ್ವಾಡಿ ಭಾಳ ಡೊಂಕೈತ್ರಿ, ಪುಟ್ಟಿ ಹಾಕಿ ನುಣ್ಣಗ ಮಾಡಿಕೊಡ್ರಿ.’ ಕೂಲಿ ನನಗೇ ಬರುವುದಾದರೂ ಬೇಡ ಅನ್ನುತ್ತೇನೆ. ಇಟ್ಟಿಗೆ-ಸಿಮೆಂಟಿನ ಮನೆಗೆ, ಗಿಲಾವು ಚೆನ್ನಾಗಿ ಆರಿದ ಮೇಲೆ ಪುಟ್ಟಿ ಹಾಕಿಸಿ, ನನ್ನ ತಕರಾರಿಲ್ಲ. ಕಲ್ಲು-ಮಣ್ಣಿನ ಗೋಡೆಯ ಸಂಗತಿಯೇ ಬೇರೆ.

ಆ ಗೋಡೆ ಡೊಂಕಾಗಿರುವುದು ದೋಷವಲ್ಲ, ಅದನ್ನು ಕಟ್ಟಿದ್ದೇ ಕೈಯಳತೆಯಲ್ಲಿ. ಅದರ ನಿಜವಾದ ವೈರಿ ತೇವ. ಬುನಾದಿಯಿಂದ ಮೇಲೇರುವ ನೀರು ತನ್ನ ಜೊತೆ ಉಪ್ಪನ್ನೂ ತರುತ್ತದೆ. ಸುಣ್ಣ ಬಳಿದ ಗೋಡೆಯಾದರೆ ಆ ತೇವ ಮೈಯಿಂದಲೇ ಆರಿಹೋಗುತ್ತದೆ. ಸಿಮೆಂಟು, ಪುಟ್ಟಿ, ಅದರ ಮೇಲೆ ಆಯಿಲ್ ಪೇಂಟ್ ಬಿದ್ದರೆ ನೀರಿಗೆ ಹೊರಬರಲು ದಾರಿ ಇಲ್ಲ. ಉಪ್ಪು ಒಳಗೇ ಹರಳುಗಟ್ಟಿ ಬಣ್ಣವನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಪಡಸಾಲೆಯಲ್ಲಿ ಸೊಂಟದೆತ್ತರಕ್ಕೆ ಆಯಿಲ್ ಪೇಂಟ್ ಹೊಡೆಸಿದ ಮನೆಗಳನ್ನು ನೋಡಿ: ಬಣ್ಣ ಮುಗಿಯುವ ಗೆರೆಯ ಮೇಲೆಯೇ ಗೋಡೆ ಉದುರುತ್ತಿರುತ್ತದೆ. ಕೆಳಗೆ ಮುಚ್ಚಿದ ನೀರು ಅಲ್ಲಿಗೆ ಏರಿರುತ್ತದೆ.

ಆದ್ದರಿಂದ ಬಣ್ಣದ ಡಬ್ಬಿ ತರುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಬೇಕು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗೇ ಇದೆ. ಗೋಡೆಯ ಆಚೆ ಬಚ್ಚಲಿರಬಹುದು, ಮಾಳಿಗೆಯ ನೀರು ಬುಡಕ್ಕೇ ಬೀಳುತ್ತಿರಬಹುದು, ಮಳೆಗಾಲಕ್ಕೆ ಮುಂಚೆ ಮೇಲೆ ಸವಳು ಮಣ್ಣು ಹಾಕದೆ ವರ್ಷಗಳೇ ಕಳೆದಿರಬಹುದು. ದುಡ್ಡು ಮೊದಲು ಅಲ್ಲಿ ಖರ್ಚಾಗಲಿ.

ಆಮೇಲೆ ದುರಸ್ತಿ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಟೊಳ್ಳು ಎಲ್ಲಿದೆಯೆಂದು ಸದ್ದೇ ಹೇಳುತ್ತದೆ. ಅಷ್ಟನ್ನು ಮಾತ್ರ ಕೆತ್ತಿ ತೆಗೆದು, ನೀರು ಚಿಮುಕಿಸಿ, ಹೊಟ್ಟು ಕಲಸಿ ಕೊಳೆಹಾಕಿ ತುಳಿದ ಮಣ್ಣನ್ನು ತೆಳುವಾಗಿ, ಒಂದು ಪದರ ಆರಿದ ಮೇಲೆ ಇನ್ನೊಂದರಂತೆ ಮೆತ್ತಬೇಕು. ಉದುರಿದ ಹಳೆಯ ಮಣ್ಣನ್ನು ಎಸೆಯಬೇಡಿ, ಅದನ್ನೇ ನೆನೆಹಾಕಿ ಕಲಸಿದರೆ ಗೋಡೆಗೆ ಚೆನ್ನಾಗಿ ಹೊಂದುತ್ತದೆ. ಹಳೆಯ ಆಯಿಲ್ ಪೇಂಟ್ ಕೆರೆಯುವಾಗ ಮಕ್ಕಳನ್ನು ದೂರವಿಡಿ, ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿಯೇ ಕೆರೆಯಿರಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳನ್ನು ನಂಬುವಂತಿಲ್ಲ.

ಸುಣ್ಣಕ್ಕೂ ತಾಳ್ಮೆ ಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಹಾರದಂತೆ ಎಚ್ಚರ. ತಣ್ಣಗಾಗಿ ಅರಳಿದ ಮೇಲೆ ಬಟ್ಟೆಯಲ್ಲಿ ಸೋಸಿ, ಅಂಟು ಸೇರಿಸಿ, ಹಾಲಿನ ಹದಕ್ಕೆ ತರಬೇಕು. ನೆನೆಸಿದ ಗೋಡೆಯ ಮೇಲೆ ತೆಳುವಾಗಿ ಎಳೆಯಿರಿ. ಬಳಿಯುವಾಗ ಬರೀ ನೀರು ಹಚ್ಚಿದಂತೆ ಕಾಣುತ್ತದೆ, ಮನೆಯವರು ಮುಖ ಕಿವುಚುತ್ತಾರೆ. ಆರುತ್ತ ಆರುತ್ತ ಬೆಳ್ಳಗಾಗುತ್ತದೆ, ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಎರಡು ಮೂರು ಸಲ ಬಳಿದರೆ ಗೋಡೆಯ ಡೊಂಕು ಮೃದುವಾಗಿ ಕಾಣುತ್ತದೆ. ಒಂದೇ ಸಲ ದಪ್ಪಗೆ ಬಳಿದರೆ ಏಳುವುದು ಖಂಡಿತ.

ನಾನು ಬಣ್ಣ ಬಳಿಯುವ ಈ ಐದೂ ತಾಲ್ಲೂಕುಗಳು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ. ಹಂಪಿಯ ಕಮಲ ಮಹಲಿನ ಗಾರೆ ಕೆಲಸ ಶತಮಾನಗಳ ಮಳೆ-ಬಿಸಿಲು ಕಂಡು ನಿಂತಿರುವುದೂ ಇದೇ ಜಿಲ್ಲೆಯಲ್ಲಿ. ಆದರೆ ನಮ್ಮ ಕಸುಬಿನ ಹುಡುಗರಿಗೆ ಪುಟ್ಟಿ ಪಟ್ಟಿ ಹಿಡಿಯಲು ಬರುತ್ತದೆ, ಸುಣ್ಣ ಅರಳಿಸಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಚೀಲದ ಸುಣ್ಣದ ಪುಡಿ ಅನೇಕ ಸಲ ಕೈಗೆ ಅಂಟುತ್ತದೆ, ಗೋಡೆಗೆ ಅಂಟುವುದಿಲ್ಲ. ನಿರ್ಮಿತಿ ಕೇಂದ್ರದವರು ಈ ಹುಡುಗರಿಗೆ ಮಣ್ಣು, ಸುಣ್ಣದ ಕೆಲಸ ಕಲಿಸಬೇಕು. ಮಳೆಗೆ ಹಾನಿಯಾದ ಮಣ್ಣಿನ ಮನೆ ನೋಡಲು ಬರುವ ಎಂಜಿನಿಯರುಗಳು ದುರಸ್ತಿಯ ಅಂದಾಜಿನಲ್ಲಿ ಸಿಮೆಂಟು ಗಿಲಾವನ್ನು ಕೈಬಿಟ್ಟು ಸುಣ್ಣ, ಮಣ್ಣು, ಆಳಿನ ಕೂಲಿಯನ್ನು ಬರೆಯಬೇಕು. ಆ ಕೂಲಿ ಹತ್ತಿರದ ಊರಿನವರ ಕೈಗೇ ಸೇರುತ್ತದೆ.