ಹತ್ತುವ ಮುನ್ನ ಬೆನ್ನು ನೋಡಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಸುಮ್ಮನೆ ಹಣ ಎಣಿಸಿ ಕೊಟ್ಟು ಬರುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕುಂಟು ಇದೆಯೇ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಬಲ್ಲ ನಾವೇ ಹಿಮಾಲಯದ ಕೇದಾರನಾಥಕ್ಕೆ ಯಾತ್ರೆ ಹೋದಾಗ, ಗೌರೀಕುಂಡದಲ್ಲಿ ಸಾಲಾಗಿ ನಿಂತ ಹೇಸರಗತ್ತೆಗಳಲ್ಲಿ ಯಾವುದೋ ಒಂದನ್ನು ಕಣ್ಣು ಮುಚ್ಚಿಕೊಂಡು ಹತ್ತಿ ಕೂರುತ್ತೇವೆ.

ಇದನ್ನು ಬೇರೆಯವರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ನಾನೂ ಹಾಗೆಯೇ ಹತ್ತಿದವನು. ಮೇಲೆ ತಲುಪಿ ಇಳಿದ ಮೇಲೆ, ಪ್ರಾಣಿ ನಡೆಸುವ ಹುಡುಗ ಜೀನು ಸಡಿಲಿಸಿ ಕಂಬಳಿ ಎತ್ತಿದಾಗ, ಬೆನ್ನಿನ ಮೇಲೆ ಅಂಗೈಯಗಲದ ಹಸಿ ಹುಣ್ಣು ಕಂಡಿತು. ಐದು ಗಂಟೆಗೂ ಮಿಕ್ಕಿ ನಾನು ಅದರ ಮೇಲೆ ಕುಳಿತಿದ್ದೆ. ನಮ್ಮ ಮನೆಯ ಎತ್ತಿಗೆ ಅದರ ಕಾಲುಭಾಗ ಹೆಗಲು ಹುಣ್ಣಾದರೂ ವಾರಗಟ್ಟಲೆ ನೊಗ ಇಡದವನು ನಾನು. ಅಂದು ದೇವರ ಮುಂದೆ ನಿಂತಾಗಲೂ ಆ ಹುಣ್ಣೇ ಕಣ್ಣಿಗೆ ಕಟ್ಟಿತ್ತು.

ಮೊಂಡು ಪ್ರಾಣಿಯಲ್ಲ

ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ಅಲ್ಲಿನವರು ಖಚ್ಚರ್ ಎನ್ನುತ್ತಾರೆ. ತಾಯಿಯಿಂದ ಮೈಕಟ್ಟು, ತಂದೆಯಿಂದ ಗಟ್ಟಿ ಗೊರಸು ಮತ್ತು ಸಹನೆ ಬರುತ್ತವೆ. ಇದಕ್ಕೆ ಸಂತಾನವಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ದುಡಿಯಬಲ್ಲದು. ಕಡಿದಾದ ಕಾಲುದಾರಿಯಲ್ಲಿ ಹೆಜ್ಜೆ ಇಡುವ ಮೊದಲು ನೆಲವನ್ನು ನೋಡಿಯೇ ಇಡುತ್ತದೆ. ಅಪಾಯ ಕಂಡರೆ ನಿಂತುಬಿಡುತ್ತದೆ. ನಾವು ಅದನ್ನು ಮೊಂಡುತನ ಎಂದು ಹೊಡೆಯುತ್ತೇವೆ. ನಿಜವಾಗಿ ಅದು ತನ್ನ ಜೀವವನ್ನೂ ನಮ್ಮ ಜೀವವನ್ನೂ ಕಾಯುವ ಬುದ್ಧಿ.

ಇದನ್ನು ಪಳಗಿಸುವ ಕ್ರಮ ನಮಗೆ ಹೊಸದೇನಲ್ಲ. ಹೋರಿಕರುವನ್ನು ಉಳುಮೆಗೆ ಕಲಿಸುವಾಗ ಪಳಗಿದ ಎತ್ತಿನ ಜೊತೆ ಕಟ್ಟುತ್ತೇವಲ್ಲವೇ? ಹಾಗೆಯೇ ಎಳೆಯ ಹೇಸರಗತ್ತೆಯನ್ನು ಹಳೆಯ ಪ್ರಾಣಿಯ ಹಿಂದೆ ನಡೆಸುತ್ತಾರೆ. ಕೊರಳಿಗೆ ಗಂಟೆ ಕಟ್ಟಿದ ಹೆಣ್ಣು ಕುದುರೆಯೊಂದು ಮುಂದಿದ್ದರೆ ಹೇಸರಗತ್ತೆಗಳು ತಾವಾಗಿಯೇ ಹಿಂಬಾಲಿಸುತ್ತವೆ. ಮೊದಲು ಮೈ ತಡವಿ, ಕಾಲೆತ್ತಿ ಗೊರಸು ಮುಟ್ಟಿಸಿಕೊಳ್ಳುವುದನ್ನು ಕಲಿಸಬೇಕು. ಆಮೇಲೆ ಬರಿಯ ಜೀನು, ಅನಂತರ ಹೊಟ್ಟು ತುಂಬಿದ ಹಗುರ ಗೋಣಿ, ಕೊನೆಗೆ ಹೇರು. ಮೂಳೆ ಬಲಿಯದ ಪ್ರಾಣಿಯ ಮೇಲೆ ಪೂರ್ತಿ ಹೇರು ಹಾಕಬಾರದು. ನಾಲ್ಕು ವರ್ಷ ತುಂಬುವವರೆಗೆ ಕಾಯುವುದು ಜಾಣತನ. ಅವಸರಪಟ್ಟವನು ಎರಡು ವರ್ಷ ಗಳಿಸಿ ಹದಿನೈದು ವರ್ಷ ಕಳೆದುಕೊಳ್ಳುತ್ತಾನೆ.

ಹೇರು ಕಟ್ಟುವುದೂ ಒಂದು ವಿದ್ಯೆ. ಎರಡು ಪಕ್ಕದ ತೂಕ ಸಮನಾಗಿರಬೇಕು. ಒಂದು ಕಡೆ ಜಗ್ಗಿದರೆ ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಏರು ಹತ್ತುವಾಗ ಜೀನು ಹಿಂದಕ್ಕೆ ಜಾರದಂತೆ ಎದೆಪಟ್ಟಿ ಹಿಡಿಯುತ್ತದೆ. ಇಳಿಯುವಾಗ ಮುಂದಕ್ಕೆ ಜಾರದಂತೆ ಬಾಲದ ಕೆಳಗಿನ ಪಟ್ಟಿ ಹಿಡಿಯುತ್ತದೆ. ಜೀನಿನ ಭಾರ ಬೆನ್ನುಮೂಳೆಯ ಮೇಲೆ ಕೂರದೆ ಎರಡು ಪಕ್ಕದ ಮಾಂಸದ ಮೇಲೆ ಕೂರಬೇಕು. ಕೆಳಗಿನ ಕಂಬಳಿ ಒಣಗಿರಬೇಕು, ಮಡಿಕೆ ಇರಬಾರದು.

ಕಾಯ್ದೆ ಏನು ಹೇಳುತ್ತದೆ?

ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳನ್ನು ಹಿಂಸೆಯಿಂದ ಕಾಪಾಡಲು 1965ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದರ ಪ್ರಕಾರ ಹೇಸರಗತ್ತೆಯ ಮೇಲೆ 200 ಕಿಲೋ, ತಟ್ಟು ಕುದುರೆಯ ಮೇಲೆ 70 ಕಿಲೋ, ಕತ್ತೆಯ ಮೇಲೆ 50 ಕಿಲೋ ಮೀರಿ ಹೊರಿಸುವಂತಿಲ್ಲ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉದ್ದನೆಯ ಕಡಿದಾದ ಏರಿನಲ್ಲಿ ಗಾಡಿಯ ಹೇರನ್ನು ಅರ್ಧಕ್ಕೆ ಇಳಿಸಬೇಕೆಂದೂ ಆ ನಿಯಮಗಳಲ್ಲಿದೆ. ಗಾಡಿಗೆ ಸಲ್ಲುವ ಈ ವಿವೇಕ ಬೆನ್ನಿಗೂ ಸಲ್ಲಬೇಡವೇ?

ಈಗ ಕೇದಾರದ ಹಾದಿಯ ಲೆಕ್ಕ ಹಾಕಿ ನೋಡೋಣ. 2013ರ ಜೂನ್ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಆದ ಹಾದಿ ಗೌರೀಕುಂಡದಿಂದ ಸುಮಾರು 16 ಕಿಲೋಮೀಟರು. ಕೆಳಗೆ ಸುಮಾರು 2,000 ಮೀಟರು ಎತ್ತರ. ಮೇಲೆ ದೇವಸ್ಥಾನದ ಬಳಿ 3,500 ಮೀಟರಿಗೂ ಹೆಚ್ಚು. ಮೇಲೆ ಹೋದಂತೆ ಗಾಳಿ ತೆಳುವಾಗಿ ಮನುಷ್ಯನಿಗೇ ಏದುಸಿರು ಬರುತ್ತದೆ. ಹೋಗಿ ಬರುವ ಒಂದು ಸುತ್ತಿಗೇ ಒಂಬತ್ತು ಗಂಟೆ ಮುಗಿಯುತ್ತ ಬರುತ್ತದೆ. ಎರಡನೆಯ ಸುತ್ತು ಹಾಕಿಸಿದರೆ ಅದು ದುಡಿಮೆಯಲ್ಲ, ಕೊಲೆ. ಇನ್ನು ಆ ದಾರಿಯಲ್ಲಿ ಹೇಸರಗತ್ತೆಗಳ ಜೊತೆ ಸಣ್ಣ ಕುದುರೆಗಳೂ ದುಡಿಯುತ್ತವೆ. 80 ಕಿಲೋ ತೂಗುವ ಯಜಮಾನರು ತಟ್ಟುವಿನ ಮೇಲೆ ಕುಳಿತರೆ, ಕೈಚೀಲ ಇಡುವ ಮೊದಲೇ ಕಾಯ್ದೆ ಮುರಿದಾಯಿತು.

2022ರ ಯಾತ್ರೆಯ ಆರಂಭದ ವಾರಗಳಲ್ಲೇ ಈ ಹಾದಿಯಲ್ಲಿ ಹತ್ತಾರು ಪ್ರಾಣಿಗಳು ಸತ್ತವು. ಅತಿಯಾದ ದುಡಿಮೆ, ನೀರಿನ ಕೊರತೆ, ಹೊಟ್ಟೆಶೂಲೆ, ಇವೇ ಮುಖ್ಯ ಕಾರಣವೆಂಬ ಮಾತು ಬಂತು. ಕುದುರೆ ಜಾತಿಯ ಪ್ರಾಣಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಹೊಟ್ಟೆಯೂ ಚಿಕ್ಕದು. ನೀರಿಲ್ಲದೆ ಒಣ ಮೇವು ತಿನ್ನಿಸಿದರೆ ಕರುಳು ಕಟ್ಟಿ ಪ್ರಾಣಕ್ಕೇ ಬರುತ್ತದೆ. ಆ ವರ್ಷ ವಿಷಯ ಹೈಕೋರ್ಟಿಗೂ ಹೋಯಿತು. ದಿನಕ್ಕೊಂದೇ ಸುತ್ತು ಎಂಬ ಕಟ್ಟುಪಾಡು ಬಂತು. 2025ರ ಮೇ ತಿಂಗಳ ಮೊದಲಲ್ಲಿ ಎರಡೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಪ್ರಾಣಿಗಳು ಸತ್ತು, ಅವುಗಳ ಓಡಾಟವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು ಅದೇ ಜಿಲ್ಲೆಯ ಕುದುರೆಗಳಲ್ಲಿ ಶೀತಜ್ವರದ ರೋಗ ಕಂಡಿತ್ತು.

ತಪ್ಪು ಯಾರದು?

ಎಲ್ಲವನ್ನೂ ಪ್ರಾಣಿಯ ಒಡೆಯನ ತಲೆಗೆ ಕಟ್ಟುವುದು ಸುಲಭ. ಅವನೂ ನಮ್ಮಂತೆ ಬಡ ರೈತ. ದೇವಸ್ಥಾನದ ಬಾಗಿಲು ತೆರೆದಿರುವುದು ವರ್ಷದಲ್ಲಿ ಸುಮಾರು ಆರು ತಿಂಗಳು. ಆ ಗಳಿಕೆಯಲ್ಲೇ ಸಾಲ ತೀರಿಸಬೇಕು, ಚಳಿಗಾಲದಲ್ಲಿ ಮನೆಯವರನ್ನೂ ಪ್ರಾಣಿಯನ್ನೂ ಸಾಕಬೇಕು. ಒಡೆಯ ಬೇರೆ, ನಡೆಸುವ ಕೂಲಿ ಹುಡುಗ ಬೇರೆಯಾದರಂತೂ ಪ್ರಾಣಿಯ ನೋವು ಕೇಳುವವರೇ ಇರುವುದಿಲ್ಲ. ಬಾಡಿಗೆ ಎತ್ತಿನ ಗತಿ ಏನೆಂದು ನಮಗೆ ಗೊತ್ತಿಲ್ಲವೇ?

ಆದರೆ ಎರಡನೆಯ ಸುತ್ತಿಗೆ ಕಾರಣ ನಮ್ಮ ಅವಸರವೂ ಹೌದು. ಇವತ್ತೇ ಹತ್ತಿ, ಇವತ್ತೇ ದರ್ಶನ ಮಾಡಿ, ಇವತ್ತೇ ಇಳಿಯಬೇಕು ಎನ್ನುವವರು ನಾವು. ಗೊತ್ತುಪಡಿಸಿದ ಬಾಡಿಗೆಯಲ್ಲೂ ಚೌಕಾಸಿ ಮಾಡಿ ಇಳಿಸುವವರು ನಾವು. ಇಳಿಸಿದ ಹಣವನ್ನು ಅವನು ಪ್ರಾಣಿಯ ಬೆನ್ನಿನಿಂದಲೇ ತುಂಬಿಕೊಳ್ಳುತ್ತಾನೆ. ಹೇಸರಗತ್ತೆಯನ್ನೇ ನಿಷೇಧಿಸಿ ಎನ್ನುವವರೂ ಇದ್ದಾರೆ. ಅದು ಸರಿಯೆಂದು ನನಗೆ ತೋರುವುದಿಲ್ಲ. ವಯಸ್ಸಾದವರಿಗೆ ಅದು ಬೇಕು, ಮೇಲಿನ ಅಡಿಗೆಮನೆಗಳಿಗೆ ಅಕ್ಕಿ, ಗ್ಯಾಸು ಏರುವುದೂ ಅದರ ಬೆನ್ನಿನ ಮೇಲೆಯೇ. 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಗ್ಗದ ತೂಗುಗಾಡಿ ಓಡಾಡುವುದಕ್ಕೆ ಇನ್ನೂ ಕಾಲ ಬೇಕು. ಹಾಗಾಗಿ ಇರುವ ಪ್ರಾಣಿಯನ್ನು ಸರಿಯಾಗಿ ದುಡಿಸುವುದೇ ದಾರಿ.

ಕೇದಾರದ ರಾವಲರು ವೀರಶೈವ ಪರಂಪರೆಯವರು; ನಮ್ಮ ನಾಡಿನ ಹಳ್ಳಿಹಳ್ಳಿಗಳಿಂದ ಅಲ್ಲಿಗೆ ಯಾತ್ರೆ ಹೊರಡುತ್ತದೆ. ಈ ವರ್ಷ ಹೊರಡುವವರು ದನಕರು ಕಟ್ಟಿ ಬಾಳಿದ ಕಣ್ಣನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಹತ್ತುವ ಮುನ್ನ ಜೀನು, ಕಂಬಳಿ ಎತ್ತಿಸಿ ಬೆನ್ನು ನೋಡಿ. ಹತ್ತು ಹೆಜ್ಜೆ ನಡೆಸಿ ನೋಡಿ. ಲಾಳ ಸಡಿಲವಿದೆಯೇ, ಮೂಗು ಸುರಿಯುತ್ತಿದೆಯೇ ಗಮನಿಸಿ. ನೋಂದಣಿ ಚೀಟಿ ಕೇಳಿ. ಇವತ್ತು ಇದು ಎಷ್ಟನೆಯ ಸುತ್ತು ಎಂದು ಕೇಳಿ. ಎರಡನೆಯದಾದರೆ ಬೇಡವೆನ್ನಿ. ದಾರಿಯ ತೊಟ್ಟಿಯಲ್ಲಿ ನೀರು ಕುಡಿಸಲು ಇಳಿದು ನಿಲ್ಲಿ. ಇಳಿಯುವಾಗ ಕಾಲು ಗಟ್ಟಿಯಿದ್ದವರು ನಡೆದೇ ಬನ್ನಿ. ಇಳಿಜಾರಿನಲ್ಲಿ ಹೊತ್ತ ಭಾರವೆಲ್ಲ ಪ್ರಾಣಿಯ ಮುಂಗಾಲಿಗೆ ಬೀಳುತ್ತದೆ. ಬಾಡಿಗೆಯನ್ನು ಪೂರ್ತಿ ಕೊಡಿ.

ಹುಣ್ಣಿರುವ ಬೆನ್ನನ್ನು ಹತ್ತು ಜನ ಬೇಡವೆಂದರೆ, ಹನ್ನೊಂದನೆಯ ದಿನ ಒಡೆಯ ತಾನಾಗಿ ಔಷಧಿ ಹಚ್ಚುತ್ತಾನೆ. ಜಾತ್ರೆಯಲ್ಲಿ ಎತ್ತು ನೋಡುವಷ್ಟು ಹೊತ್ತನ್ನು ಗೌರೀಕುಂಡದಲ್ಲೂ ಕೊಟ್ಟರೆ ಸಾಕು.