ಒಂದೇ ಕುದಿ, ಎರಡು ಅಡುಗೆ
ಗಂಡ ಹೆಂಡತಿ ಇಬ್ಬರೂ ರಾತ್ರಿ ಎಂಟಕ್ಕೆ ಮನೆ ಸೇರುವ ಸಂಸಾರಕ್ಕೆ ಹಳೇ ಮೈಸೂರು ಕಡೆಯ ಬಸ್ಸಾರಿಗಿಂತ ಒದಗುವ ಅಡುಗೆ ನನಗಂತೂ ಗೊತ್ತಿಲ್ಲ. ಬೆಳಗ್ಗೆ ನೆನೆಹಾಕಿದ ಅಲಸಂದೆ ಕಾಳನ್ನು ಕುಕ್ಕರಿನಲ್ಲಿ ಎರಡು ಮೂರು ಸೀಟಿ ಕೂಗಿಸಿ, ಒಂದು ಕಂತೆ ದಂಟಿನ ಸೊಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಸೊಪ್ಪು ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಪಲ್ಯವಾಯಿತು. ಒಂದು ಹಿಡಿ ಬೆಂದ ಕಾಳನ್ನು ತೆಂಗಿನತುರಿ, ಹುಣಸೆಹಣ್ಣು, ಸಾರಿನಪುಡಿ, ಬೆಳ್ಳುಳ್ಳಿ (ಇದರಲ್ಲಿ ಮಾತ್ರ ಜಿಪುಣತನ ಬೇಡ) ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮುದ್ದೆ ತಿರುವಲು ಬಾರದವರಿಗೆ ಅನ್ನವೂ ನಡೆಯುತ್ತದೆ. ತೆಂಗಿನಕಾಯಿ ದುಬಾರಿಯಾದಾಗ ಇನ್ನೊಂದು ಹಿಡಿ ಕಾಳು ರುಬ್ಬಿ. ಸಾರು ಮಂದವಾಗಿಯೇ ಬರುತ್ತದೆ. ಉಳಿದದ್ದು ಮರುದಿನ ಇನ್ನೂ ರುಚಿ, ಮಧ್ಯಾಹ್ನದ ಡಬ್ಬಿಗೆ ಬೇರೆ ಯೋಚನೆ ಬೇಡ.